ತಂಪು ಬಿದ್ದ ಆರು ದಿನ

ಎಂ.ಎಸ್‌ಸಿ. ಮುಗಿಸಿ ಮೇಟಗಳ್ಳಿಯ ಬೀಜದ ಕಂಪನಿಯೊಂದರಲ್ಲಿ ಕೆಲಸಕ್ಕೆ ಸೇರಿದಾಗ ನನಗೆ ಇಪ್ಪತ್ಮೂರು ವರ್ಷ. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಅಪ್ಪನಿಗೆ ಒಂಟಿಕೊಪ್ಪಲಿನಲ್ಲಿ ದಿನಸಿ ಅಂಗಡಿ. ಮಗಳು ಮೈಕ್ರೋಸ್ಕೋಪಿನ ಮುಂದೆ ಕೂತು ಸಂಬಳ ತರುತ್ತಾಳೆ ಎನ್ನುವುದನ್ನು ಅವರು ಮಠಕ್ಕೆ ಹೋದಾಗ ಸಿಕ್ಕವರಿಗೆಲ್ಲ ಹೇಳುತ್ತಿದ್ದರು. ನಾನು ಬೆಳಗ್ಗೆ ಆರೂವರೆಗೆ ಮೊಪೆಡ್ ಹತ್ತಿ ಹೊರಟರೆ ಏಳಕ್ಕೆ ಗದ್ದೆಯ ಬದುವಿನ ಮೇಲಿರುತ್ತಿದ್ದೆ.

ಕಂಪನಿ ಎಂದರೆ ದೊಡ್ಡದೇನಲ್ಲ. ಒಂದು ಶೀಟಿನ ಗೋಡೌನು, ಅದರ ಪಕ್ಕ ಎರಡು ಕೋಣೆಯ ಲ್ಯಾಬು, ಅಲ್ಲಿಂದ ಸ್ವಲ್ಪ ಮುಂದೆ ನಾಲೆ ನೀರು ಸಿಗುವ ಕಡೆ ಗುತ್ತಿಗೆಗೆ ಹಿಡಿದ ಗದ್ದೆ. ಎಲ್ಲವನ್ನೂ ನಡೆಸುತ್ತಿದ್ದವರು ತಳಿವಿಜ್ಞಾನಿ ಸಾಹೇಬರು. ಐವತ್ತರ ಹತ್ತಿರದ ವಯಸ್ಸು, ಇಸ್ತ್ರಿ ಮಾಡಿದ ಶರ್ಟು, ಕೆಸರಿಗಿಳಿದರೂ ಕಲೆ ಬೀಳದ ಬೂಟು. ಅವರ ಕನಸೆಲ್ಲ ಹೈಬ್ರಿಡ್ ಭತ್ತ.

ಭತ್ತದ ಹೂವಿನಲ್ಲಿ ಗಂಡೂ ಹೆಣ್ಣೂ ಒಂದೇ ಹೊಟ್ಟಿನೊಳಗಿರುತ್ತವೆ. ಹೊಟ್ಟು ಬಾಯಿ ಬಿಡುವಷ್ಟರಲ್ಲಿ ಅದರ ಪರಾಗ ಅದಕ್ಕೇ ಬಿದ್ದಿರುತ್ತದೆ. ಎರಡು ತಳಿಗಳನ್ನು ಕೂಡಿಸಬೇಕಾದರೆ ತಾಯಿಯಾಗುವ ತಳಿಯ ಪರಾಗ ಕೆಲಸಕ್ಕೆ ಬಾರದಂತಿರಬೇಕು. ಸಾಹೇಬರ ಹತ್ತಿರ ಅಂಥದೊಂದು ತಳಿಯಿತ್ತು. ಸೆಕೆಯಲ್ಲಿ ಅದರ ಪರಾಗ ಜೊಳ್ಳು, ತಂಪಿನಲ್ಲಿ ಗಟ್ಟಿ. ತಂಪಿನಲ್ಲಿ ಬೆಳೆದರೆ ತನ್ನ ಬೀಜ ತಾನೇ ಕಟ್ಟಿಕೊಂಡು ತಳಿ ಉಳಿಯುತ್ತದೆ. ಸೆಕೆಯಲ್ಲಿ ಬೆಳೆದರೆ ಪಕ್ಕದ ಸಾಲಿನ ಗಂಡು ತಳಿಯ ಪರಾಗ ಬಿದ್ದು ಹೈಬ್ರಿಡ್ ಬೀಜ ಕಟ್ಟುತ್ತದೆ. ತೀರ್ಮಾನವಾಗುವುದು ತೆನೆ ಇನ್ನೂ ಕಾಂಡದೊಳಗೆ ಬೆರಳುದ್ದ ಇರುವಾಗ, ಹೊಡೆ ಬಿಚ್ಚಿ ತೆನೆ ಹೊರಬರುವುದಕ್ಕೆ ಎರಡು ವಾರ ಮುಂಚೆ. ಆ ದಿನಗಳಲ್ಲಿ ಸರಾಸರಿ ಶಾಖ ಇಪ್ಪತ್ನಾಲ್ಕು ಡಿಗ್ರಿಗಿಂತ ಕೆಳಗಿಳಿಯಬಾರದು ಎನ್ನುವುದು ಸಾಹೇಬರ ಲೆಕ್ಕ.

ಅದಕ್ಕಾಗಿಯೇ ಗದ್ದೆಯ ನಡುವೆ ಬಿಳಿ ಬಣ್ಣದ ಜಾಲರಿ ಪೆಟ್ಟಿಗೆಯೊಂದರಲ್ಲಿ ಥರ್ಮಾಮೀಟರ್ ಇಟ್ಟಿದ್ದರು. ಹಿಂದಿನ ದಿನದ ಅತಿ ಹೆಚ್ಚು ಎಷ್ಟು, ರಾತ್ರಿಯ ಅತಿ ಕಡಿಮೆ ಎಷ್ಟು ಎಂದು ಅದು ತೋರಿಸುತ್ತಿತ್ತು. ಅದನ್ನು ದಿನವೂ ಓದುತ್ತಿದ್ದವರು ಮೇಸ್ತ್ರಮ್ಮ.

ಹೆಣ್ಣಾಳುಗಳ ಮೇಲುಸ್ತುವಾರಿ ಅವರದಾದ್ದರಿಂದ ಎಲ್ಲರೂ ಹಾಗೆ ಕರೆಯುತ್ತಿದ್ದರು. ಐವತ್ತೈದರ ಆಸುಪಾಸು, ಕಡ್ಡಿಯಂಥ ಮೈ. ಸುತ್ತಲ ಹಳ್ಳಿಯೊಂದರ ಬೇಸಾಯದ ಮನೆಯವರು. ಜಮೀನು ಕಾರ್ಖಾನೆಗಳ ಪಾಲಾದ ಮೇಲೆ ಮೇಟಗಳ್ಳಿಗೆ ಬಂದು ನೆಲೆಸಿದ್ದರು. ಅಕ್ಷರ ಬರುತ್ತಿರಲಿಲ್ಲ, ಅಂಕಿ ಬರುತ್ತಿತ್ತು. ಸಿಟಿ ಬಸ್ಸಿನ ನಂಬರು ನೋಡಿ ನೋಡಿ ಕಲಿತದ್ದಂತೆ. ಥರ್ಮಾಮೀಟರಿನ ನಳಿಗೆಯೊಳಗಿನ ಪುಟ್ಟ ಸೂಜಿಯ ಕೆಳತುದಿ ಎಲ್ಲಿದೆ ನೋಡಬೇಕು ಎಂದು ನಾನು ಒಂದೇ ಸಲ ತೋರಿಸಿಕೊಟ್ಟಿದ್ದೆ. ಮೊದಮೊದಲು ಅವರು ಕೂಗಿ ಹೇಳಿದ್ದನ್ನು ನಾನೂ ಹೋಗಿ ಪರೀಕ್ಷಿಸುತ್ತಿದ್ದೆ. ಒಂದು ಸಲವೂ ತಪ್ಪಿರಲಿಲ್ಲ. ಆಮೇಲೆ ಪರೀಕ್ಷಿಸುವುದನ್ನು ಬಿಟ್ಟು ಬದುವಿನ ಮೇಲೇ ನಿಂತು ಬರೆದುಕೊಳ್ಳತೊಡಗಿದೆ.

ಸಾಹೇಬರಿಗೆ ತಮಾಷೆಯ ಚಪಲ. ಆಳುಗಳಲ್ಲಿ ಒಬ್ಬಳಿಗೆ ಮದುವೆಯಾಗಿ ಹತ್ತು ವರ್ಷವಾಗಿದ್ದರೂ ಮಕ್ಕಳಿರಲಿಲ್ಲ. ಒಂದು ದಿನ ಎಲ್ಲರೂ ಊಟಕ್ಕೆ ಕೂತಿದ್ದಾಗ ಅವಳತ್ತ ಕೈ ತೋರಿಸಿ, "ಇವಳೂ ನಮ್ಮ ತಾಯಿ ತಳಿ ಥರಾನೇ ಕಣ್ರೀ. ಮೈಸೂರು ಸೆಕೆಗೆ ಆಗಲ್ಲ, ಊಟಿಗೆ ಕಳಿಸ್ಬೇಕು" ಅಂದರು. ಆಳುಗಳಿಗೆ ಅರ್ಥವಾಗಲಿ ಎಂದು ಬಿಡಿಸಿ ಬಿಡಿಸಿ ಹೇಳಿದರು. ಆ ಹೆಂಗಸು ಬಾಯಿಗೆ ಹೋಗುತ್ತಿದ್ದ ಮುದ್ದೆಯ ತುತ್ತನ್ನು ತಟ್ಟೆಯಲ್ಲಿಟ್ಟಳು. ಮೇಸ್ತ್ರಮ್ಮ ಮಾತ್ರ, "ಊಟ ಮಾಡೋವಾಗ ಯಾಕೆ ಸಾರ್ ಅಂಗಂತೀರಿ" ಎಂದರು. ನಾನು ನಕ್ಕೆ. ನಗು ಬಂದಿತ್ತು ಎಂದಲ್ಲ, ಸಾಹೇಬರು ನನ್ನ ಮುಖ ನೋಡುತ್ತಿದ್ದರು.

ಆ ವರ್ಷ ಮೊದಲ ಬಾರಿಗೆ ರೈತರಿಗೆ ಮಾರುವಷ್ಟು ಹೈಬ್ರಿಡ್ ಬೀಜ ಮಾಡಬೇಕೆಂದು ಮೇಲಿನವರ ಅಪ್ಪಣೆಯಾಗಿತ್ತು. ಜೂನ್ ಕೊನೆಗೆ ಸಸಿಮಡಿ ಆಗಬೇಕಿತ್ತು. ಸಾಹೇಬರು ಯಾವುದೋ ಸಮ್ಮೇಳನಕ್ಕೆ ಹೋದವರು ಬರುವುದು ತಡವಾಯಿತು. ತಾವಿಲ್ಲದೆ ಬಿತ್ತಬಾರದು ಎಂದು ಹೇಳಿ ಹೋಗಿದ್ದರು. ಮೂರು ವಾರ ಜಾರಿತು. "ಸಾರ್, ತೆನೆ ಒಳಗಿರೋ ಹೊತ್ತಿಗೆ ಅಕ್ಟೋಬರ್ ಬಂದ್ಬಿಡುತ್ತೆ" ಎಂದು ನಾನು ಅಂಜುತ್ತಲೇ ಹೇಳಿದೆ. "ಅಕ್ಟೋಬರಲ್ಲೂ ಮೈಸೂರಲ್ಲಿ ಬಿಸ್ಲಿರುತ್ತಮ್ಮಾ, ನಾನು ಹುಟ್ಟಿ ಬೆಳೆದ ಊರು" ಎಂದರು.

ಅಕ್ಟೋಬರಿನಲ್ಲಿ, ತೆನೆ ಕಾಂಡದೊಳಗೆ ಬೆರಳುದ್ದವಿದ್ದಾಗ, ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಎಂದು ರೇಡಿಯೋದಲ್ಲಿ ಹೇಳಿದ ಮರುದಿನ ಮೋಡ ಕವಿಯಿತು. ಜಡಿಮಳೆ. ಚಾಮುಂಡಿ ಬೆಟ್ಟ ಆರು ದಿನ ಕಣ್ಣಿಗೆ ಬೀಳಲಿಲ್ಲ. ಅಮ್ಮ ಪೆಟ್ಟಿಗೆಯಿಂದ ಶಾಲು ತೆಗೆದಳು. ಮೇಸ್ತ್ರಮ್ಮ ಗೊಬ್ಬರದ ಚೀಲವನ್ನು ಕೊಪ್ಪೆ ಮಾಡಿ ಹೊದ್ದುಕೊಂಡು ಥರ್ಮಾಮೀಟರ್ ಪೆಟ್ಟಿಗೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ಓದುತ್ತಿದ್ದರು.

"ಮೇಲಿಂದು ಇಪ್ಪತ್ತೆರ್ಡು ಮೇಡಮ್ಮೋರೆ. ಕೆಳಗಿಂದು ಅದ್ನೇಳು."

"ಸರಿಯಾಗಿ ನೋಡಿದ್ರಾ?"

"ಎರಡ್ ಸಲ ನೋಡ್ದೆ ಕಣವ್ವ. ಬೇಕಾದ್ರೆ ನೀವೇ ಬಂದ್ ನೋಡ್ಬುಡಿ."

ನಾನು ಹೋಗಿ ನೋಡಿದೆ. ಹದಿನೇಳೇ ಇತ್ತು. ಆರು ದಿನವೂ ಹೋಗಿ ನೋಡಿದೆ. ಅವರು ಹೇಳಿದ್ದಕ್ಕೂ ನಾನು ಕಂಡದ್ದಕ್ಕೂ ಒಂದು ಗೆರೆಯ ವ್ಯತ್ಯಾಸವಿರಲಿಲ್ಲ. ಇದನ್ನು ಇಲ್ಲಿ ಒತ್ತಿ ಬರೆಯುತ್ತಿದ್ದೇನೆ, ಯಾಕೆಂದರೆ ಬರೆಯಬೇಕಾದ ಕಡೆ ಬರೆಯಲಿಲ್ಲ.

ಎರಡು ವಾರದ ನಂತರ ಹೂ ಬಿಟ್ಟವು. ತಾಯಿ ಸಾಲಿನಿಂದ ಹೂ ತಂದು, ಪರಾಗಕೋಶವನ್ನು ಗಾಜಿನ ಮೇಲೆ ಅರೆದು, ಅಯೋಡಿನ್ ಹನಿ ಬಿಟ್ಟು ನೋಡುವುದು ನನ್ನ ಕೆಲಸ. ಜೊಳ್ಳು ಪರಾಗವಾದರೆ ಹಳದಿಯಾಗಿ ಸುಕ್ಕುಗಟ್ಟಿರುತ್ತದೆ. ಗಟ್ಟಿಯಾದರೆ ಕಪ್ಪಗೆ, ಗುಂಡಗೆ, ಸಾಸಿವೆಯಂತೆ ಕಾಣುತ್ತದೆ. ಅವತ್ತು ಕಣ್ಣಿಟ್ಟರೆ ಎಲ್ಲೆಲ್ಲೂ ಸಾಸಿವೆ. ಹತ್ತು ಗಿಡ ಬದಲಿಸಿ ನೋಡಿದೆ. ನಾಲ್ಕೈದರಲ್ಲಿ ಹಾಗೆಯೇ ಇತ್ತು. ಅಂದರೆ ತಾಯಿ ಗಿಡಗಳು ತಮ್ಮ ಪರಾಗದಿಂದ ತಾವೇ ಬೀಜ ಕಟ್ಟತೊಡಗಿದ್ದವು.

ಸಾಹೇಬರನ್ನು ಕರೆದೆ. ಅವರು ಬಗ್ಗಿ ಬಹಳ ಹೊತ್ತು ನೋಡಿದರು. ಮುಖ ಎತ್ತಿದಾಗ ಸಿಟ್ಟೇನೂ ಇರಲಿಲ್ಲ.

"ಸ್ಲೈಡ್ ತೊಳೀರಿ" ಎಂದರು.

"ಸಾರ್, ಈ ಬೀಜ ಹೊರಗೆ ಹೋದ್ರೆ..."

"ಪಕ್ಕದ ಸಾಲಿನ ಪರಾಗ ಹಾರಿಬಂದು ಅಂಟ್ಕೊಂಡಿರೋದು. ನಿಮಗೆ ಅನುಭವ ಸಾಲದು. ತೊಳೀರಿ."

ಸಂಜೆ ರಿಜಿಸ್ಟರ್ ತರಿಸಿಕೊಂಡು ಆ ಆರು ದಿನಗಳ ಮೇಲೆ ಬೆರಳಾಡಿಸಿದರು. "ಆ ಹೆಂಗಸು ಓದಿದ್ದನ್ನೆಲ್ಲ ಬರ್ಕೊಂಡು ಕೂತಿದೀರಲ್ಲ, ಅವಳಿಗೆ ಏನು ಗೊತ್ತಾಗುತ್ತೆ? ಹೊಸ ಪುಸ್ತಕದಲ್ಲಿ ನೀಟಾಗಿ ಕಾಪಿ ಮಾಡಿ. ಈ ಆರು ದಿನಕ್ಕೆ ಹೋದ ವರ್ಷದ ಅಂಕಿ ಹಾಕಿ." ಆಮೇಲೆ, ಏನೋ ನೆನಪಾದವರಂತೆ, "ನಿಮ್ಮ ಪ್ರೊಬೇಷನ್ ಮುಗಿಯೋದು ಡಿಸೆಂಬರ್‌ಗೆ ಅಲ್ವಾ?" ಎಂದರು.

ನಾನು ಒಂದು ಭಾನುವಾರ ಪೂರ್ತಿ ಮನೆಯಲ್ಲಿ ಕೂತು ಕಾಪಿ ಮಾಡಿದೆ. ಅಕ್ಷರ ಮುದ್ದಾಗಿದೆ ಎಂದು ಅಪ್ಪ ಹೊಗಳಿದರು. ಹದಿನೇಳು ಇದ್ದ ಕಡೆ ಇಪ್ಪತ್ತೊಂದು ಎಂದು ಅಷ್ಟೇ ಮುದ್ದಾಗಿ ಬರೆದೆ. ಮಧ್ಯಾಹ್ನ ಅಮ್ಮ ಮಾಡಿದ್ದ ಶಾವಿಗೆ ಪಾಯಸ ಚೆನ್ನಾಗಿತ್ತು, ಎರಡು ಸಲ ಹಾಕಿಸಿಕೊಂಡೆ. ಹಳೆಯ ಪುಸ್ತಕವನ್ನು ಸಾಹೇಬರು ತಮ್ಮ ಬಳಿ ಇಟ್ಟುಕೊಂಡರು. ಡಿಸೆಂಬರಿನಲ್ಲಿ ನನ್ನ ಕೆಲಸ ಕಾಯಂ ಆಯಿತು.

ಆ ಬೀಜವನ್ನು ರೈತರು ಬೇಸಿಗೆ ಬೆಳೆಗೆ ಹಾಕಿದರು. ಮೇ ತಿಂಗಳಲ್ಲಿ ಹದಿನೈದು ಜನ ರೈತರು ಕಟ್ಟು ಕಟ್ಟು ತೆನೆ ಹಿಡಿದುಕೊಂಡು ಗೋಡೌನಿನ ಮುಂದೆ ಬಂದು ನಿಂತರು. ಅವರ ಗದ್ದೆಗಳಲ್ಲಿ ಎರಡು ಬೇರೆ ಬೇರೆ ಎತ್ತರದ ಗಿಡಗಳಿದ್ದವು. ಎತ್ತರದ್ದು ಹೈಬ್ರಿಡ್, ತೂಗಿ ಬಾಗಿತ್ತು. ಗಿಡ್ಡದ್ದು ನಮ್ಮ ತಾಯಿ ತಳಿ. ಬೇಸಿಗೆಯ ಸೆಕೆಗೆ ಅದರ ಪರಾಗ ಜೊಳ್ಳಾಗಿ, ಬೇರೆ ಹೊತ್ತಿಗೆ ಹೂ ಬಿಟ್ಟ ಹೈಬ್ರಿಡ್ಡಿನ ಪರಾಗವೂ ಸಿಗದೆ, ತೆನೆಗಳು ಕಾಳಿಲ್ಲದೆ ನೆಟ್ಟಗೆ ನಿಂತಿದ್ದವು. ಒಬ್ಬ ರೈತ ಅಂಥ ತೆನೆಯೊಂದನ್ನು ಅಂಗೈಯಲ್ಲಿ ಉಜ್ಜಿ ಸಾಹೇಬರ ಮುಖದ ಮುಂದೆ ಊದಿದ. ಬರೀ ಹೊಟ್ಟು ಹಾರಿತು.

ಮೇಲಿನ ಆಫೀಸಿನಿಂದ ಇಬ್ಬರು ವಿಚಾರಣೆಗೆ ಬಂದರು. ಗೋಡೌನಿನೊಳಗೆ ಮೇಜು ಹಾಕಿ ರೈತರನ್ನೂ ಆಳುಗಳನ್ನೂ ನಿಲ್ಲಿಸಿದರು. ಸಾಹೇಬರು ಎದ್ದು ನಿಂತು ಶಾಂತವಾಗಿ ಹೇಳಿದರು: ತಳಿಯಲ್ಲಿ ದೋಷವಿಲ್ಲ, ಹವಾಮಾನದ ದಾಖಲೆ ಇಲ್ಲಿದೆ, ಒಂದು ದಿನವೂ ಶಾಖ ತಗ್ಗಿಲ್ಲ. ಹಾಗಾದರೆ ಬೀಜ ಬೆರೆತದ್ದು ಒಕ್ಕಣೆಯಲ್ಲೇ ಇರಬೇಕು. ಒಕ್ಕಣೆಯ ಉಸ್ತುವಾರಿ ಈ ಹೆಂಗಸಿನದು. ಹೋದ ವರ್ಷದಿಂದ ಉಳಿದಿದ್ದ ತಾಯಿ ತಳಿಯ ಬೀಜದ ರಾಶಿಗೆ ಇದನ್ನು ಸೇರಿಸಿಬಿಟ್ಟಿದ್ದಾಳೆ.

ಮೇಸ್ತ್ರಮ್ಮನಿಗೆ ಮೊದಲು ತಮ್ಮ ವಿಷಯವೆಂದೇ ತಿಳಿಯಲಿಲ್ಲ. ತಿಳಿದಾಗ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮುಂದೆ ಬಂದರು.

"ಬೆರ್ಕೆ ಆಗಿಲ್ಲ ಸಾರ್. ಆ ರಾಸಿ ಗೋಡೋನಲ್ಲಿತ್ತು, ಒಕ್ಕಿದ್ದು ಕಣದಲ್ಲಿ. ಅವತ್ತು ಮಳೇಲಿ ಸಳಿ ಬಿದ್ದಿತ್ತು. ಅದ್ನೇಳಿತ್ತು. ನಾನೇ ಓದಿದ್ನಲ್ಲ."

"ನೀನು ಓದಿದ್ದು!" ಎಂದರು ಸಾಹೇಬರು.

"ಊ ಸಾರ್. ಮೇಡಮ್ಮೋರೂ ನೋಡವ್ರೆ. ಕೇಳಿ ಬೇಕಾದ್ರೆ."

ಎಲ್ಲರೂ ನನ್ನತ್ತ ತಿರುಗಿದರು. ನನ್ನ ಎದುರಿಗೆ ಮೇಜಿನ ಮೇಲೆ ನನ್ನದೇ ಕೈಬರಹದ ಹೊಸ ಪುಸ್ತಕ ತೆರೆದಿತ್ತು. ಆಫೀಸಿನಿಂದ ಬಂದವರಲ್ಲಿ ಒಬ್ಬರು, "ಹೇಳಿ ಮೇಡಂ, ಇದು ನಿಮ್ಮ ಬರವಣಿಗೆ ತಾನೇ?" ಎಂದರು.

"ಹೌದು ಸಾರ್."

"ಇದರಲ್ಲಿರೋದೇ ಸರಿ ತಾನೇ?"

"ಅವರು ಹೇಳಿದ್ದನ್ನ ಬರ್ಕೊಳ್ತಿದ್ದೆ ಸಾರ್" ಎಂದೆ. ಅದು ನಿಜವೂ ಅಲ್ಲ, ಪೂರ್ತಿ ಸುಳ್ಳೂ ಅಲ್ಲ ಎಂದು ಆ ಕ್ಷಣ ಸಮಾಧಾನವಾಯಿತು. ಮೇಸ್ತ್ರಮ್ಮ ನನ್ನ ಬಾಯನ್ನೇ ನೋಡುತ್ತಿದ್ದರು, ಇನ್ನೂ ಏನೋ ಬರಲಿಕ್ಕಿದೆ ಎನ್ನುವಂತೆ.

ಆಗ ಸಾಹೇಬರು ತಮ್ಮ ಕೋಣೆಗೆ ಹೋಗಿ ಗೋಡೆಯ ಮೇಲಿದ್ದ ಥರ್ಮಾಮೀಟರ್ ಬಿಚ್ಚಿಕೊಂಡು ಬಂದರು. ಯಾರೋ ವಿದೇಶದಿಂದ ತಂದುಕೊಟ್ಟದ್ದು. ಎಡಕ್ಕೆ ನಾವು ಬಳಸುವ ಸೆಲ್ಸಿಯಸ್, ಬಲಕ್ಕೆ ಫ್ಯಾರನ್‌ಹೀಟ್. ಗದ್ದೆಯ ಪೆಟ್ಟಿಗೆಯಲ್ಲಿದ್ದದ್ದರ ಅಂಕಿಗಳು ಬಲಗಡೆಗಿದ್ದವು. ಅದನ್ನು ಮೇಸ್ತ್ರಮ್ಮನ ಮುಖದ ಮುಂದೆ ಹಿಡಿದು, "ಓದು. ಇಷ್ಟು ಜನದ ಮುಂದೆ ಓದು" ಎಂದರು.

ಮೇಸ್ತ್ರಮ್ಮ ಕೈಯನ್ನು ಸೀರೆಗೆ ಒರೆಸಿಕೊಂಡರು. ಹತ್ತಿರ ಬಗ್ಗಿ, ತಲೆ ಓರೆ ಮಾಡಿ, ಪಾದರಸದ ತುದಿಯಿಂದ ಬಲಕ್ಕೆ ಬೆರಳು ಸರಿಸಿ, ಬಹಳ ನಿಧಾನವಾಗಿ ಸರಿಯಾಗಿಯೇ ಓದಿದರು.

"ಎಂಬತ್ನಾಕು."

ಆಮೇಲೆ ಸಾಹೇಬರು ಎಲ್ಲರ ಕಡೆ ತಿರುಗಿ ಎರಡೂ ಕೈ ಅಗಲಿಸಿದರು. "ಎಂಬತ್ನಾಲ್ಕು ಡಿಗ್ರಿಯಂತೆ! ನಾವೆಲ್ಲ ಬೆಂದು ಹೋಗಿರಬೇಕಿತ್ತಲ್ಲಪ್ಪಾ ಈ ಹೊತ್ತಿಗೆ!"

ನಗು ಹೊರಟಿತು. ಆಫೀಸಿನವರು ನಕ್ಕರು. ಬೆಳೆ ಕಳೆದುಕೊಂಡು ಹೊಡೆಯುವುದಕ್ಕೇ ಬಂದಿದ್ದ ರೈತರೂ ನಕ್ಕರು. "ಇಂಥೋರ ಕೈಲಿ ಬೀಜ ಮಾಡುಸ್ತಾರಲ್ಲ" ಎಂದ ಒಬ್ಬ. ತೆನೆ ಊದಿದ್ದವನು ತನ್ನ ಕೈಯಲ್ಲಿದ್ದ ಜೊಳ್ಳಿನ ಕಟ್ಟನ್ನು ಮೇಸ್ತ್ರಮ್ಮನ ಮೇಲೆ ಎಸೆದ. ಅದು ಎದೆಗೆ ತಾಗಿ ಕಾಲ ಬಳಿ ಬಿತ್ತು.

"ಇದು ನಮ್ ಗದ್ದೇದಲ್ಲ ಸಾರ್, ಇದು ಬ್ಯಾರೆ ಐತೆ, ಇದ್ರಲ್ಲಿ ಎರಡ್ ಕಡೆ ಬರ್ದವ್ರೆ..." ಎಂದು ಮೇಸ್ತ್ರಮ್ಮ ಹೇಳುತ್ತಲೇ ಇದ್ದರು. ನಗುವಿನಲ್ಲಿ ಯಾರಿಗೂ ಕೇಳಲಿಲ್ಲ. ನನಗೆ ಕೇಳಿತು. ಅವರಿಗೆ ಎರಡು ಕೈ ದೂರದಲ್ಲಿ ನಿಂತಿದ್ದೆ.

ಅವರ ಮಗನೂ ಅಲ್ಲೇ ಇದ್ದ. ಮೂವತ್ತು ವರ್ಷದವನು, ಗೋಡೌನಿನಲ್ಲಿ ಬೀಜದ ಮೂಟೆ ಹೊಲಿಯುವ ಕೆಲಸ. ಅವನು ಮುಂದೆ ಬಂದು ತಾಯಿಯ ರಟ್ಟೆ ಹಿಡಿದ. ಬಿಡಿಸಿಕೊಂಡು ಹೋಗುತ್ತಾನೆ ಎಂದುಕೊಂಡೆ. "ತೆಪ್ಪಾಯ್ತು ಅನ್ನವ್ವ" ಎಂದ. "ಅನ್ನು. ಕಾಲಿಗ್ ಬೀಳು." ಮೇಸ್ತ್ರಮ್ಮ ಮಗನ ಮುಖ ನೋಡಿದರು. ತಪ್ಪಾಯಿತು ಎನ್ನಲಿಲ್ಲ, ಕಾಲಿಗೂ ಬೀಳಲಿಲ್ಲ. ಬಗ್ಗಿ, ಕಾಲ ಬಳಿ ಬಿದ್ದಿದ್ದ ತೆನೆಗಳನ್ನು ಆಯ್ದು ಮೇಜಿನ ಮೇಲಿಟ್ಟು ಹೊರಗೆ ಹೋದರು. ಹನ್ನೊಂದು ವರ್ಷದ ಕೆಲಸ ಹಾಗೆ ಮುಗಿಯಿತು. ಮಗನ ಕೆಲಸ ಉಳಿಯಿತು. ರೈತರಿಗೆ ಬದಲಿ ಬೀಜ ಕೊಟ್ಟು ಕಳಿಸಿದರು.

ಎರಡು ತಿಂಗಳ ಮೇಲೆ ಒಂದು ಸಂಜೆ ನಾನು ಅವರ ಮನೆ ಹುಡುಕಿಕೊಂಡು ಹೋದೆ. ಹಣ್ಣು, ಒಂದು ಪೊಟ್ಟಣ ಮೈಸೂರುಪಾಕು. ಮೇಸ್ತ್ರಮ್ಮ ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ನನ್ನನ್ನು ನೋಡಿ ಎದ್ದು ಚಾಪೆ ಹಾಸಿದರು, ಕಾಫಿ ಕಾಯಿಸಿ ಕೊಟ್ಟರು. ಬೈಯಲಿಲ್ಲ. ಬೈದಿದ್ದರೆ ಮಾತು ಸುಲಭವಾಗುತ್ತಿತ್ತು.

"ಮೇಸ್ತ್ರಮ್ಮ, ಅವತ್ತು ನಾನು..."

"ಆಗೋಯ್ತು ಬುಡಿ ಅದು. ಕೆಲ್ಸ ಹೋದ್ರೆ ಹೋಗ್ಲಿ." ಕೈಯಲ್ಲಿದ್ದ ಸಿಪ್ಪೆಯನ್ನು ಮೊರಕ್ಕೆ ಹಾಕಿದರು. "ಒಂದ್ ಉಪಕಾರ ಮಾಡಿ. ನನ್ ಮಗ ಈಗ ಬತ್ತಾನೆ. ನಿಮ್ಮವ್ವ ಸರ್ಯಾಗೇ ಓದಿದ್ಲು ಅಂತ ಅವನಿಗೊಂದ್ ಮಾತು ಏಳ್ಬುಡಿ. ಇನ್ಯಾರಿಗೂ ಬ್ಯಾಡ. ದಿನಾ ಉಣ್ಣೋವಾಗ ಅಂತಾನೆ, ನಿನ್ನಿಂದ ನನ್ ಮರ್ವಾದೆ ಓಯ್ತು ಅಂತ. ತುತ್ತು ಇಳಿಯಾಕಿಲ್ಲ ಕಣವ್ವ."

"ಹೇಳ್ತೀನಿ" ಎಂದೆ. ಹೇಳಬೇಕೆಂದೇ ಇತ್ತು.

ಐದೂವರೆಗೆ ಮಗ ಬಂದ. ಸೈಕಲ್ಲು ಗೋಡೆಗೊರಗಿಸಿ, ನನ್ನನ್ನು ನೋಡಿ ಗಾಬರಿಯಾಗಿ, "ಏನ್ ಮೇಡಂ, ಸಾಹೇಬ್ರು ಕಳ್ಸಿದ್ರಾ?" ಎಂದ. ಸಾಹೇಬರ ಹೆಸರು ಕಿವಿಗೆ ಬಿದ್ದದ್ದೇ ನನ್ನ ಲೆಕ್ಕಾಚಾರ ಶುರುವಾಯಿತು. ಇವನಿಗೆ ಹೇಳಿದರೆ ನಾಳೆ ಗೋಡೌನಿಗೆ ಗೊತ್ತಾಗುತ್ತದೆ, ನಾಡಿದ್ದು ಸಾಹೇಬರಿಗೆ. ನನ್ನ ಪಿಎಚ್.ಡಿ.ಗೆ ಅವರು ಪತ್ರ ಬರೆದುಕೊಡಬೇಕಿತ್ತು.

"ಇಲ್ಲಪ್ಪ, ಸುಮ್ನೆ ಬಂದೆ. ಅಮ್ಮನ್ನ ನೋಡ್ಕೊಂಡು ಹೋಗೋಣ ಅಂತ."

ಮೇಸ್ತ್ರಮ್ಮ ಕಾಯುತ್ತಿದ್ದರು. ನಾನು ಮಳೆಯ ಮಾತಾಡಿದೆ. ಅವರೆಕಾಯಿ ಈ ಕಾಲದಲ್ಲಿ ಎಲ್ಲಿ ಸಿಕ್ಕಿತು ಎಂದು ಕೇಳಿದೆ. ಅವರು ನನ್ನ ಮುಂದಿದ್ದ ಕಾಫಿ ಲೋಟ ಎತ್ತಿಕೊಂಡರು. ಅರ್ಧ ಕಾಫಿ ಇನ್ನೂ ಇತ್ತು. ಅಂಗಳಕ್ಕೆ ಚೆಲ್ಲಿ, "ಹೊತ್ತಾಯ್ತು, ಓಗಿ" ಎಂದರು.

ಪತ್ರ ಸಿಕ್ಕಿತು, ಪಿಎಚ್.ಡಿ. ಆಯಿತು, ಕಾಲೇಜಿನಲ್ಲಿ ಕೆಲಸವಾಯಿತು, ಮದುವೆಯಾಗಿ ಚಾಮರಾಜಪುರಂಗೆ ಬಂದೆ. ಸಾಹೇಬರು ಎರಡು ವರ್ಷದಲ್ಲಿ ಇನ್ನೂ ದೊಡ್ಡ ಕಂಪನಿ ಸೇರಿದರು. ಅವರ ತಾಯಿ ತಳಿಯನ್ನು ಆಮೇಲೆ ಬಂದವರು ಕೈಬಿಟ್ಟರು. ನಮ್ಮ ಕಡೆಯ ಮೋಡವನ್ನು ನಂಬಿ ಅದನ್ನು ಬೆಳೆಯಲಾಗುವುದಿಲ್ಲ ಎಂದು ಅವರಿಗೆ ಒಂದೇ ಹಂಗಾಮಿನಲ್ಲಿ ತಿಳಿಯಿತಂತೆ. ಶಾಖ ಮತ್ತು ಪರಾಗದ ಪಾಠವನ್ನು ನಾನು ವರ್ಷ ವರ್ಷ ಮಾಡುತ್ತೇನೆ. ಚೆನ್ನಾಗಿ ಮಾಡುತ್ತೀರಿ ಎಂದು ಹುಡುಗರು ಹೇಳುತ್ತಾರೆ.

ಏಳೆಂಟು ವರ್ಷಗಳ ನಂತರ ನಮ್ಮ ಮನೆ ಹತ್ತಿರದ ಔಷಧಿ ಅಂಗಡಿಯಲ್ಲಿ ಮೇಸ್ತ್ರಮ್ಮನ ಮಗ ಸಿಕ್ಕಿದ. ಕೂದಲು ನೆರೆತಿತ್ತು. ಗೂಡ್ಸ್ ಆಟೋ ಇಟ್ಟುಕೊಂಡಿದ್ದನಂತೆ. ಅವನೇ ಗುರುತಿಸಿ ನಮಸ್ಕಾರ ಮಾಡಿದ.

"ಅಮ್ಮ ಹೇಗಿದಾರೆ?"

"ತೀರ್ಕೊಂಡು ಎರಡ್ ವರ್ಸ ಆಯ್ತು ಮೇಡಂ."

ಅಂಗಡಿಯ ಮುಂದೆ ಜನರಿದ್ದರು. ಅವನನ್ನು ಮರದ ಕೆಳಗೆ ಕರೆದುಕೊಂಡು ಹೋಗಿ ಹೇಳಿದೆ. ಅಮ್ಮ ಸರಿಯಾಗಿಯೇ ಓದಿದ್ದರು, ಅಂಕಿ ಬದಲಿಸಿ ಬರೆದವಳು ನಾನು, ಅವತ್ತು ನಿಮ್ಮ ಮನೆಗೆ ಬಂದದ್ದು ಅದನ್ನು ಹೇಳುವುದಕ್ಕೇ. ಒಂದೇ ಉಸಿರಿಗೆ ಹೇಳಿದೆ. ಅವನು ಮಾತ್ರೆಯ ಪೊಟ್ಟಣವನ್ನು ಜೇಬಿಗೆ ಹಾಕಿಕೊಂಡ.

"ಗೊತ್ತು ಮೇಡಂ."

"ಯಾರು ಹೇಳಿದ್ರು?"

"ಯಾರ್ ಏಳ್ಬೇಕು? ಮೂಟೆ ಹೊಲ್ದೋನು ನಾನಲ್ವಾ. ಆ ಹಳೇ ರಾಸಿ ಮೂಟೆ ಕಟ್ಟು ಬಿಚ್ಚೇ ಇರ್ಲಿಲ್ಲ. ಬೆರ್ಕೆ ಆಗಿಲ್ಲ ಅಂತ ಅವತ್ತೇ ಗೊತ್ತು. ತೆಪ್ಪು ಅವ್ವಂದಲ್ಲ ಅಂತಾಗಿದ್ರೆ ಆಮೇಲೆ ಯಾರ್ನ ಹಿಡೀತಿದ್ರು? ನನ್ನೇ ತಾನೇ."

ಅವನೇ ಮುಂದುವರಿಸಿದ, ಪೇಟೆಯ ಧಾರಣೆ ಹೇಳುವವನ ಹಾಗೆ.

"ಸಾಯೋವರ್ಗೂ ಅಂತಿದ್ಲು, ನಾನು ಸರ್ಯಾಗೇ ಓದಿದ್ದೆ ಕಣ್ಲಾ ಅಂತ. ಆಸ್ಪತ್ರೇಲೂ ಅದೇ. ನಾನು ಆಯ್ತು ಬುಡವ್ವ, ಮಲೀಕೋ ಅಂತಿದ್ದೆ."

"ಒಂದು ಸಲಾನಾದ್ರೂ ಹೂಂ ಅನ್ನಬಾರದಿತ್ತಾ?"

"ಹೂಂ ಅಂದ್ರೆ, ಮತ್ಯಾಕ್ಲಾ ಅವತ್ತು ಕಾಲಿಗ್ ಬೀಳು ಅಂದೆ ಅಂತ ಕೇಳೋಳು ಮೇಡಂ."

ಅವನು ಹಾಗೆ ಹೇಳಿ ಆಟೋ ಹತ್ತಿದ. ಹಿಂದಿನ ಗಾಡಿಯವನು ಹಾರ್ನ್ ಹೊಡೆಯುತ್ತಿದ್ದ. ಬರ್ತೀನಿ ಮೇಡಂ, ಎಂದು ಕೈಯೆತ್ತಿ ಹೊರಟುಹೋದ. ನಮ್ಮಿಬ್ಬರಲ್ಲಿ ಯಾರಿಗೂ ಅಳು ಬಂದಿರಲಿಲ್ಲ.